ಮೋಡ ನುಂಗುವ ದೈತ್ಯನಿಗೆ ಗಡ್ಡ ಬಂದದ್ದು

ಇವತ್ತು ಟಿವಿ ಹಾಕಿದರೆ, ಆಹಾ, ಮೋಡ ನುಂಗುವ ದೈತ್ಯ! ಮಕ್ಕಳ ಆ ಹಳೆಯ ಕಾದಂಬರಿಯನ್ನು ಮತ್ತೆ ಸಿನೆಮಾ ಮಾಡಿದ್ದಾರೆ. ನಾನು ಮನಸ್ಸಿನಲ್ಲೇ ಸೀದಾ ಬಾಲ್ಯದ ಕಡಬಕ್ಕೆ, ಅದ್ರಾಮ ಬ್ಯಾರಿಯ ಅಂಗಡಿಗೆ ಹೋಗಿ ನಿಂತೆ.

ನಮ್ಮ ಕೇರಿಗೆ ಅಲ್ಲೊಂದೇ ರೇಡಿಯೋ. ವಾರಕ್ಕೊಮ್ಮೆ ಅದೇ ಕಥೆ ಅದರಲ್ಲಿ ನಾಟಕವಾಗಿ ಬರುತ್ತಿತ್ತು. ದೈತ್ಯನ ನಗು ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ನಾಟಕ ಮುಗಿದದ್ದೇ ಬ್ಯಾರಿ, "ಹೇಗಿದ್ದಾನೆ ಅವ? ತೋರ್ಸು ಮಾರಾಯ!" ಎನ್ನುತ್ತಿದ್ದ. ನಾಟಕದವರ ಮಗ ನಾನು, ಬಿಡುತ್ತೇನೆಯೇ? ಗೋಣಿ ಹೊದ್ದು, ಅಕ್ಕಿಮೂಟೆ ಹತ್ತಿ ಗರ್ಜಿಸುತ್ತಿದ್ದೆ. ಅಮ್ಮ ಇರಲಿಲ್ಲ, ಅಪ್ಪ ನನ್ನನ್ನು ಊರಲ್ಲಿ ಬಿಟ್ಟು ನಾಟಕ ಕಂಪೆನಿಯ ಜೊತೆ ಊರೂರು ತಿರುಗುತ್ತಿದ್ದರು. ನಾನು ಯಾರಿಗಾದರೂ ಬೇಕಾಗುತ್ತಿದ್ದದ್ದು ಆ ಹೊತ್ತಿಗೆ ಮಾತ್ರ.

ಆಮೇಲೆ ಪುತ್ತೂರಿನ ಟೆಂಟಿಗೆ ಆ ಕಥೆಯ ಸಿನೆಮಾ ಬಂತು. ಎಲ್ಲರೂ ಹೋಗಿ ನೋಡಿದರು. ಮುಂದಿನ ವಾರ ರೇಡಿಯೋದ ನಾಟಕ ಮುಗಿದಾಗ ನಾನು ಎಂದಿನಂತೆ ಮೂಟೆ ಹತ್ತಿದೆ.

"ಇಳಿ ಮಾರಾಯ. ಅವ್ನಿಗೆ ಗಡ್ಡ ಉಂಟು. ನಾವು ನೋಡಿ ಆಯ್ತಲ್ಲ," ಎಂದ ಬ್ಯಾರಿ. ಎಲ್ಲರೂ ನಕ್ಕರು.

ಸಿನೆಮಾ ನೋಡದವರು ಒಬ್ಬರೇ: ಒಳಬಾಗಿಲ ಹಿಂದೆ ಕೂತು ಕೇಳುತ್ತಿದ್ದ ಬ್ಯಾರಿಯ ತಾಯಿ, ನಮಗೆಲ್ಲ ಉಮ್ಮ.

"ಸಿನೆಮಾದ ಗಡ್ಡ ನಂಗೆಂತಕ್ಕೆ? ನಿನ್ನ ದೈತ್ಯ ಬರ್ಲಿ ಮೋನೇ," ಎಂದರು, ಸ್ವಂತ ಮಗನನ್ನು ಕರೆದ ಹಾಗೆ.

ಆ ಒಬ್ಬರಿಗಾಗಿ ಅಂಗಡಿಯ ಹೆಂಚು ನಡುಗುವ ಹಾಗೆ ಗರ್ಜಿಸಿದೆ.

ಇವತ್ತು ಕಣ್ಣು ಮುಚ್ಚಿ ಟಿವಿಯ ದೈತ್ಯನ ನಗುವನ್ನಷ್ಟೇ ಕೇಳಿದೆ. ಮನೆಯಲ್ಲಿ ನಾನೊಬ್ಬನೇ. ಆದರೂ ಎದ್ದು ನಿಂತು, ಎದೆ ತುಂಬ ಉಸಿರೆಳೆದು ಗರ್ಜಿಸಿಬಿಟ್ಟೆ. ಉತ್ತರ ಕೊಟ್ಟದ್ದು ಪಕ್ಕದ ಮನೆಯ ನಾಯಿ.