ಹಿತ್ತಲ ಜಗಲಿಯ ಭಾಷೆ

ಹದಿನಾಲ್ಕು ತುಂಬುವ ಮೊದಲು ಹೆಣ್ಣಿಗೆ ಮದುವೆ ಮಾಡಕೂಡದು ಎಂಬ ಕಾಯ್ದೆ ಬಂದಿದ್ದರಿಂದಲೇ ನಮ್ಮ ಭಾಷೆ ಹುಟ್ಟಿತು. ಇಲ್ಲದಿದ್ದರೆ ಅಕ್ಕ ಮೈನೆರೆಯುವ ಮೊದಲೇ ಗಂಡನ ಮನೆ ಸೇರುತ್ತಿದ್ದಳು. ಸಿದ್ದಾಪುರದ ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ತಿಂಗಳು ತಿಂಗಳು ಅವಳು ಹೊರಗೆ ಕೂರುತ್ತಿದ್ದಳು. ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳಿಗೂ ಕೆಲಸವಿಲ್ಲ. ನಾನು ಮಾರು ದೂರ ಕೂತು ಅವಳೊಂದಿಗೆ ಶಬ್ದ ಕಟ್ಟುತ್ತಿದ್ದೆ. ನೀರು ‘ಗುಳುಮ’, ದೋಸೆ ‘ಚೊಂಯಿ’, ಬೇಡ ಅನ್ನುವುದಕ್ಕೆ ‘ಪೂಂ’, ಸಾಯುವುದಕ್ಕೆ ‘ಲಬುರ’. ಇಬ್ಬರಿಗೂ ನಗು ಬಂದರೆ ಮಾತ್ರ ಶಬ್ದ ಪಾಸು. ಅಯ್ಯೋ, ಎಷ್ಟು ನಕ್ಕಿದ್ದೆವು! ಅಷ್ಟು ನಗು ಆಮೇಲೆ ಎಲ್ಲೂ ಸಿಗಲಿಲ್ಲ.

“ಎಂತ ಭೂತ ಹೊಕ್ಕಿದ್ದೇ ನಿಂಗಕ್ಕೆ?” ಎಂದು ಆಯಿ ಒಳಗಿನಿಂದ ಗದರುತ್ತಿದ್ದಳು. ಹೆತ್ತ ಆಯಿಯನ್ನೂ ನಾವು ನಮ್ಮ ಭಾಷೆಯಲ್ಲೇ ಬೈಯುತ್ತಿದ್ದೆವು.

ಅಷ್ಟರಲ್ಲಿ ಯಲ್ಲಾಪುರದಿಂದ ಒಂದು ಸಂಬಂಧ ಬಂತು. ಮರದ ನಾಟಾ ವ್ಯಾಪಾರದವನು, ಹೆಂಡತಿ ಸತ್ತವನು, ಹೆಚ್ಚುಕಡಿಮೆ ಅಪ್ಪಯ್ಯನ ವಾರಿಗೆ. ಹಿರಿಯರೆಲ್ಲ ಒಪ್ಪಿ ಆಗಿತ್ತು. ಹೆಣ್ಣು ನೋಡುವುದು ಬರೀ ಶಾಸ್ತ್ರಕ್ಕೆ. ಅಕ್ಕ ಎಲ್ಲರಿಗೂ ಪಾನಕ ಕೊಟ್ಟು ನನ್ನ ಪಕ್ಕ ಕೂತವಳು ತಲೆ ತಗ್ಗಿಸಿಯೇ ಅಂದಳು: “ಪೂಂ. ಲಬುರ ಪೂಂ.”

ಗಂಡಿನ ಚಿಕ್ಕಪ್ಪ ಹಲ್ಲುಕಿರಿದ. “ಕೂಸು ಎಂತ ಹೇಳ್ತು?”

ನನಗೆ ಮೊದಲೇ ಬಾಯಿ ಜಾಸ್ತಿ. ಅವನ ನಗು ಕಂಡು ಮೈಯೆಲ್ಲ ಉರಿಯಿತು. “ಬ್ಯಾಡ್ದಡ. ಸತ್ರೂ ಬ್ಯಾಡ್ದಡ,” ಎಂದುಬಿಟ್ಟೆ.

ಪಾನಕ ಅರ್ಧಕ್ಕೇ ಬಿಟ್ಟು ಅವರು ಎದ್ದರು. ಆಯಿಯ ಕೈಯಲ್ಲಿ ನನಗೆ ಬಿದ್ದ ಪೆಟ್ಟಿನ ದುಃಖ ನನಗಿಲ್ಲ. ಆದರೆ ಅಪ್ಪಯ್ಯ ಅಕ್ಕನ ಹತ್ತಿರ ಮಾತೇ ಬಿಟ್ಟ. ಅವರ ಕೈಕಾಲು ಹಿಡಿದು ಮತ್ತೆ ಕರೆಸುತ್ತಾನೇನೋ ಎಂಬ ಹೆದರಿಕೆಗೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಮುಂದಿನ ಸಲ ಅವಳು ಹೊರಗೆ ಕೂತಾಗ, ಹಿತ್ತಲ ಕಡೆ ಎಂದೂ ಸುಳಿಯದ ಅಪ್ಪಯ್ಯ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಯಲ್ಲಾಪುರದವ್ಕೆ ಬ್ಯಾಡ ಹೇಳಿ ಕಳಿಸಿದ್ದೆ,” ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, “ಆ ಭಾಷೆ ಯಂಗೂ ಕಲಿಸ್ತ್ಯನೇ ಕೂಸೇ? ನಮ್ಮ ಮಾತಲ್ಲಿ ನೀ ಯನ್ನ ಹತ್ರ ಹೇಳಿದ್ದಿಲ್ಲೆ” ಎಂದ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನಿಗೆ ತಿಳಿಯುವ ಮಾತಿನಲ್ಲೇ ಹೇಳಿದಳು: “ಯನ್ನ ಯಾರೂ ಕೇಳಿದ್ದೇ ಇಲ್ಲೆ, ಅಪ್ಪಯ್ಯ.”