ಬಾಯಾರ ಮೇಲಿನ ಹೊಟ್ಟೆಕಿಚ್ಚು

ಹೋದ ವಾರ ಹೆಂಡತಿ ಟ್ರಂಕು ತೆರೆದು ರೇಷ್ಮೆ ಸೀರೆ ಹೊರಗೆ ತೆಗೆದಳು. ಮಡಿಕೆಗಳ ನಡುವೆ ಇಟ್ಟಿದ್ದ ಡಾಂಬರ ಗೋಳಿಯ ವಾಸನೆ ಕೋಣೆಯ ತುಂಬ ಹರಡಿತು. ಥಟ್ಟನೆ ನಮ್ಮ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಕಬ್ಬಿಣದ ಕಪಾಟು ನೆನಪಾಯಿತು. ದಿನದಿನದ ಮಾಹಿತಿಯ ನಕಲು ಇರುತ್ತಿದ್ದ ಡಿಸ್ಕುಗಳ ಪಕ್ಕ, ಹುಳ ಹತ್ತಬಾರದೆಂದು ನನ್ನ ಜೊತೆ ಕೆಲಸಕ್ಕಿದ್ದ ಬಾಯಾರು ಇಂಥವೇ ಗೋಳಿಗಳನ್ನು ಇಡುತ್ತಿದ್ದರು. ಡಿಸ್ಕಿಗೆ ಯಾವ ಹುಳ ಹತ್ತುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಕೆಲಸದಲ್ಲಿ ನಾನು ನಗಬಹುದಾಗಿದ್ದ ಸಂಗತಿ ಅದೊಂದೇ ಇತ್ತು...

ಕಾರ್ಖಾನೆಯಲ್ಲಿ ಕನ್ನಡದವರೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದರು, ಮರಾಠಿಯವರು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದರು. ನಮ್ಮಿಬ್ಬರದೂ ಒಂದೇ ಓದು, ಒಂದೇ ಹುದ್ದೆ. ಯಾವ ರೈತ ಯಾವಾಗ ಕಬ್ಬು ನಾಟಿ ಮಾಡಿದ, ಕಟಾವಿಗೆ ಯಾರ ಪಾಳಿ ಯಾವಾಗ, ಕಾಟಾದಲ್ಲಿ ಎಷ್ಟು ತೂಗಿತು ಎಂಬುದೆಲ್ಲ ಇದ್ದ ಡೇಟಾಬೇಸನ್ನು ಕಾಯುವುದು ನಮ್ಮ ಕೆಲಸ. ನಾನು ಅವರಿಗಿಂತ ಮೊದಲು ಸೇರಿದವನು. ಆದರೂ ಏನೇ ತೊಂದರೆ ಬಂದರೂ ಜನ ನನ್ನ ಮೇಜು ದಾಟಿ ಅವರ ಮೇಜಿಗೆ ಹೋಗುತ್ತಿದ್ದರು. ದಾಟುವಾಗ ನನಗೊಂದು ನಮಸ್ಕಾರ ಹೇಳಿ ಹೋಗುತ್ತಿದ್ದರು. ಅದು ಇನ್ನೂ ಚುಚ್ಚುತ್ತಿತ್ತು.

ನಕಲು ತೆಗೆದಿಟ್ಟರೆ ಸಾಕು ಎಂದು ನಾನು ತಿಳಿದಿದ್ದೆ. ಬಾಯಾರಿಗೆ ಅದು ಸಾಲುತ್ತಿರಲಿಲ್ಲ. ಪ್ರತಿ ತಿಂಗಳು ಆ ನಕಲನ್ನು ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿ, ಎಲ್ಲ ಮರಳಿ ಬರುತ್ತದೋ ಇಲ್ಲವೋ ನೋಡುತ್ತಿದ್ದರು. ಏನಾದರೂ ಬದಲಾಯಿಸುವುದಿದ್ದರೆ ಮೊದಲು ಆ ಹಳೆಯ ಯಂತ್ರದ ಮೇಲೆ ಮಾಡಿ ನೋಡದೆ ನಡೆಯುವ ಡೇಟಾಬೇಸನ್ನು ಮುಟ್ಟುತ್ತಿರಲಿಲ್ಲ. ತಮ್ಮ ಪಾಸ್‌ವರ್ಡನ್ನು ಸಾಹೇಬರು ಕೇಳಿದರೂ ಕೊಡುತ್ತಿರಲಿಲ್ಲ. ನಕಲು ಮರಳಿ ತುಂಬಿ ನೋಡುವ ದಿನ ಎಷ್ಟೋ ಸಲ ನನ್ನನ್ನು ಕೂರಿಸಿ, ತಾವು ಹಿಂದೆ ಕೈಕಟ್ಟಿ ನಿಂತು, "ಈ ಸಲ ನೀವ ಮಾಡ್ರಿ ಅಣ್ಣಾರ" ಎನ್ನುತ್ತಿದ್ದರು. ನನಗೆ ಬರುವುದಿಲ್ಲವೆಂದು ತೋರಿಸಲು ಹೀಗೆ ಮಾಡುತ್ತಾರೆ ಅನಿಸುತ್ತಿತ್ತು.

ಒಮ್ಮೆ ಪುಣೆಯಲ್ಲಿ ತರಬೇತಿ ಇತ್ತು. ಒಬ್ಬರನ್ನೇ ಕಳಿಸುವುದೆಂದು ಆಯಿತು, ಅವರನ್ನು ಕಳಿಸಿದರು. ಆ ವಾರವಿಡೀ ನನಗೆ ಊಟ ರುಚಿಸಲಿಲ್ಲ. ತಿರುಗಿ ಬಂದವರು ಕಲಿತದ್ದನ್ನು ಮುಚ್ಚಿಟ್ಟುಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು. ದಿನಾ ಮಧ್ಯಾಹ್ನ ಊಟದ ಡಬ್ಬಿ ಬದಿಗೆ ಸರಿಸಿ ಎಲ್ಲವನ್ನೂ ನನಗೆ ಹೇಳಿಕೊಟ್ಟರು. "ಯಾಕ್ರಿ ಬಾಯಾರ, ಇಷ್ಟ ಕಷ್ಟ ಪಡ್ತೀರಿ" ಎಂದು ಕೇಳಿದೆ.

"ಒಬ್ಬರಿಗಷ್ಟ ಗೊತ್ತಿದ್ದ ಕೆಲಸ ಯಾರಿಗೂ ಗೊತ್ತಿಲ್ಲದಂಗರಿ" ಎಂದರು.

ಆಮೇಲೆ ಹಂಗಾಮು ಭರದಲ್ಲಿದ್ದಾಗ ಒಂದು ದಿನ ಅವರು ರಜೆ ಹಾಕಿ, ಮಗನ ಜಾವಳ, ಅಂದರೆ ಹುಟ್ಟುಗೂದಲು, ತೆಗೆಸಲು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಿದ್ದರು. ಅವತ್ತೇ ಮಧ್ಯಾಹ್ನದ ಹೊತ್ತಿಗೆ ಸರ್ವರಿನ ಡಿಸ್ಕು ಕೆಟ್ಟಿತು. ಕಾಟಾ ನಿಂತಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಗೇಟು ದಾಟಿ ಅಲಖನೂರ ರಸ್ತೆಯವರೆಗೆ ಸಾಲುಗಟ್ಟಿದವು. ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತಿತ್ತು, ರೈತರು ಕಿಟಕಿಯ ಹತ್ತಿರ ಬಂದು ಕೂಗಾಡತೊಡಗಿದರು. ನಾನು ಬಾಯಾರಿಗೆ ಫೋನು ಮಾಡಿದೆ. ಆ ಕಡೆ ಗುಡಿಯ ಗಂಟೆ ಕೇಳಿಸುತ್ತಿತ್ತು.

"ಹೋದ ತಿಂಗಳ ನೀವ ಮಾಡೀರಲ್ರಿ ಅಣ್ಣಾರ, ಅದನ್ನ ಮಾಡ್ರಿ."

"ಕೈ ನಡುಗಾಕತ್ತಾವ್ರಿ."

"ನಡುಗಲಿ. ನಡುಗೂ ಕೈಲೇನ ಮಾಡ್ರಿ" ಎಂದು ಫೋನು ಇಟ್ಟುಬಿಟ್ಟರು.

ಹೊಸ ಡಿಸ್ಕು ಹಾಕಿ, ಹಿಂದಿನ ದಿನದ ನಕಲನ್ನು ಮರಳಿ ತುಂಬಿದೆ. ಬೆಳಗಿನ ತೂಕಗಳನ್ನು ಕಾಟಾದ ಚೀಟಿ ನೋಡಿ ಮತ್ತೆ ಬರೆಸಿದೆ. ಹೊತ್ತು ಮುಳುಗುವುದರೊಳಗೆ ಟ್ರ್ಯಾಕ್ಟರುಗಳು ಒಂದೊಂದಾಗಿ ಕಾಟಾ ಹತ್ತಿದವು. ನನ್ನ ನೌಕರಿಯಲ್ಲಿ ಅಂಥ ಸಂಜೆ ಮೊದಲು ಇರಲಿಲ್ಲ. ಎಂಡಿ ಸಾಹೇಬರು ತಾವಾಗಿಯೇ ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬಾಯಾರು ನಿಮ್ಮನ್ನ ಭಾಳ ಚಲೋ ತಯಾರ ಮಾಡ್ಯಾರ ನೋಡ್ರಿ" ಎಂದರು.

ಹೌದ್ರಿ ಎಂದೆ. ಬಾಯಾರು ಊರಲ್ಲಿ ಇಲ್ಲದ ದಿನ, ನನ್ನ ಕೈಯಿಂದ ಆದ ಕೆಲಸ. ಅದೂ ಅವರ ಪಾಲಾಯಿತು.

ಕೆಲವು ವರ್ಷಗಳ ಮೇಲೆ ಕೊಲ್ಹಾಪುರದಲ್ಲಿ ದೊಡ್ಡ ನೌಕರಿ ಸಿಕ್ಕು ಬಾಯಾರು ಹೊರಟುಹೋದರು. ಬೀಳ್ಕೊಡುಗೆಯ ದಿನ ಎಲ್ಲರ ಕಣ್ಣು ತುಂಬಿದವು. ನಾನು ಒಳಗೊಳಗೇ ಖುಷಿಪಟ್ಟೆ. ಆ ಖುಷಿ ಒಂದು ಹಂಗಾಮು ಸಹ ಬಾಳಲಿಲ್ಲ. ಸಣ್ಣದೊಂದು ತಡವಾದರೂ ಸಾಕು, "ಬಾಯಾರು ಇದ್ದಾಗ ಹಿಂಗ ಇರಲಿಲ್ಲ" ಎಂದು ಯಾರಾದರೂ ಅನ್ನುತ್ತಿದ್ದರು. ಎದುರಿಗೆ ಇದ್ದವರ ಜೊತೆ ಪೈಪೋಟಿ ಮಾಡಬಹುದು. ಬಿಟ್ಟುಹೋದವರ ಜೊತೆ ಹೇಗೆ ಮಾಡುವುದು?

ಮೊನ್ನೆ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಏನೋ ಜಡ್ಡು ಇತ್ತಂತೆ, ನಮಗೆ ಯಾರಿಗೂ ತಿಳಿದಿರಲಿಲ್ಲ. ಅಂಕಲಿಯಲ್ಲಿದ್ದ ಅವರ ಸ್ವಂತ ಮನೆಗೆ ಮಾತನಾಡಿಸಲು ಹೋದೆ. ಅವರ ಯಜಮಾನರು ನನ್ನನ್ನು ಎಂದೂ ನೋಡಿದವರಲ್ಲ. ಹೆಸರು ಹೇಳಿದ ಕೂಡಲೇ, "ಬರ್ರಿ, ಬರ್ರಿ, ನಿಮ್ಮ ಹೆಸರ ನಮ್ಮ ಮನ್ಯಾಗ ಭಾಳ ಬರ್ತಿತ್ತರಿ" ಎಂದು ಒಳಗೆ ಕರೆದರು. ಚಹಾ ಕೊಟ್ಟು ತಾವೇ ಮಾತು ತೆಗೆದರು.

"ಅಕಿಗೆ ನಿಮ್ಮ ಮ್ಯಾಲ ಹೊಟ್ಟಿಕಿಚ್ಚ ಇತ್ತರಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವರೇ ಮುಂದುವರಿದರು. "ಅಣ್ಣಾರಿಗೆ ಒಮ್ಮೆ ನೋಡಿದ್ರ ಬಂದಬಿಡತೈತಿ, ನನಗ ಎಷ್ಟ ಸಲ ಮಾಡಿದ್ರೂ ಅಂಜಿಕಿ ಹೋಗೂದಿಲ್ಲ, ಅದಕ್ಕ ತಿಂಗಳಾ ಮಾಡಿ ಮಾಡಿ ನೋಡ್ತೀನಿ, ಅಂತಿದ್ಲು. ಜಾವಳದ ದಿನ ನಿಮ್ಮ ಫೋನ್ ಇಟ್ಟಮ್ಯಾಲ ಗುಡಿಯಾಗ ಕುಂತ ಅತ್ತಳರಿ. ಅವರು ಮಾಡತಾರ, ನಾನಾಗಿದ್ರ ಕೈಕಾಲ ಬಿಡತಿದ್ದೆ ಅಂದ್ಲು. ಆಮ್ಯಾಲ ನೆನಿಸಿಕೊಂಡ ನಗತಿದ್ಲು."

ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನೇ ಯೋಚಿಸಿದೆ. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿದ್ದದ್ದನ್ನು ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹೇಳಿದವನಲ್ಲ ನಾನು. ಅವರು ಗಂಡನ ಮುಂದೆ ಹೇಳಿ, ಅತ್ತು, ನಕ್ಕು ಹಗುರಾಗಿದ್ದರು. ಅದರಲ್ಲಿಯೂ ಅವರೇ ಮುಂದೆ.

ಈಗ ವಿಭಾಗವೆಲ್ಲ ನನ್ನ ಕೈಯಲ್ಲಿದೆ. ಕೆಲಸ ಚೆನ್ನಾಗಿ ನಡೆದಿದೆ ಎಂದು ಸಾಹೇಬರೂ ಹೇಳುತ್ತಾರೆ, ರೈತರೂ ಹೇಳುತ್ತಾರೆ. ಕೇಳಿ ತಲೆಯಾಡಿಸುತ್ತೇನೆ. ಅದು ಎಷ್ಟು ಚೆನ್ನಾಗಿದೆ ಎಂದು ನೋಡಿದ ಕೂಡಲೇ ತಿಳಿಯಬಲ್ಲವರು ಒಬ್ಬರೇ ಇದ್ದರು. ಅವರಿಗೆ ತೋರಿಸಿ ಒಂದು ಸಲ ಹೊಟ್ಟೆ ಉರಿಸಬೇಕಿತ್ತು... ಅವರಿಲ್ಲ.