ಗಲ್ಲ ತುಂಬುವ ಸೂಜಿ

ಹಣಮಂತಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಸುರಪುರದ ಆಸ್ಪತ್ರೆಯೊಂದರಲ್ಲಿ ಹತ್ತೊಂಬತ್ತು ವರ್ಷ ಕಸ ವಿಂಗಡಿಸಿದ ಅವಳಿಗೆ ಯಾವ ಸೀಸೆ ಯಾವ ವಾರ್ಡಿನದು ಎಂಬುದು ಮುಚ್ಚಳದ ಬಣ್ಣದಿಂದಲೇ ಗೊತ್ತಾಗುತ್ತದೆ. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಸೂಜಿ ಕತ್ತರಿಸಿದ ಸಿರಿಂಜ್ ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿ ಪೆಟ್ಟಿಗೆಗೆ. ಹೊಸ ನರ್ಸ್ ಯಾರಾದರೂ ಕೆಂಪು ಚೀಲದಲ್ಲಿ ಸೂಜಿ ಬಿಟ್ಟರೆ ಅವಳು ಚೀಲದ ಸಮೇತ ವಾರ್ಡಿಗೆ ಬರುತ್ತಾಳೆ.

"ಇದು ಯಾರ ಕೆಲಸರಿ? ನನಗ ಚುಚ್ಚಿದ್ರ ನನ್ನ ಮಗಳಿಗಿ ನೀವು ಉಣ್ಣಾಕ ಹಾಕ್ತೀರೇನು?"

ಡಾಕ್ಟರುಗಳೂ ಅವಳಿಗೆ ಸ್ವಲ್ಪ ಹೆದರುತ್ತಾರೆ.

ಊರು ದೇವಾಪುರ. ಗಂಡ ಅಮರಪ್ಪ ತೀರಿಕೊಂಡಾಗ ಮಗಳು ಪಂಚಶೀಲಾ ನಾಲ್ಕು ವರ್ಷದ ಕೂಸು. ಈಗ ಅವಳು ಬಿ.ಎಡ್. ಮುಗಿಸಿ ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಯಾದಗಿರಿಯ ಗುಮಾಸ್ತನೊಬ್ಬನ ಜೊತೆ ಮದುವೆ ಗೊತ್ತಾಗಿದೆ. ಮಾತುಕತೆಗೆ ಬಂದಿದ್ದ ವರನ ಸೋದರತ್ತೆ ಹುಡುಗಿಯ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಎಲ್ಲಾ ಚಲೋ ಅದ. ಗಲ್ಲ ಅಷ್ಟ ಒಳಗ ಹೋಗ್ಯಾವು, ಫೋಟೋದಾಗ ಎದ್ದು ಕಾಣ್ತದ" ಎಂದಿದ್ದಳು.

"ನಮ್ಮ ಮನಿತನದ ಗಲ್ಲಾನ ಹಿಂಗ ಅವ್ರಿ. ನನ್ನ ಮಾರಿ ನೋಡ್ರಿ" ಎಂದು ಹಣಮಂತಮ್ಮ ಚಹಾ ಕೊಟ್ಟು ಕಳಿಸಿದ್ದಳು. ಅವಳು ಆ ಮಾತನ್ನು ಅಲ್ಲೇ ಬಿಟ್ಟಳು. ಮಗಳು ಬಿಡಲಿಲ್ಲ.

ಒಂದು ಬುಧವಾರ ಹಣಮಂತಮ್ಮ ಪಾಳಿ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದಾಗ ಪಂಚಶೀಲಾ ಕನ್ನಡಿ ಹಿಡಿದು ಕೂತಿದ್ದಳು. ಮೂಗಿನ ಬಲಮಗ್ಗುಲಿನಿಂದ ತುಟಿಯವರೆಗೆ ಚರ್ಮ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅದರ ಸುತ್ತ ನೀಲಿ ಬಲೆಯಂಥ ಗೆರೆಗಳು.

"ಏನಾಗ್ಯಾದ ಇದು?"

"ಏನಿಲ್ಲ ಯವ್ವಾ. ಫಿಲ್ಲರ್ ಹಾಕಿಸ್ಕೊಂಡೀನಿ. ಗಲ್ಲ ತುಂಬೋ ಇಂಜೆಕ್ಷನ್. ಭಾಳ ನೋಯಾಕತ್ತದ, ಖರೆ. ಎರಡು ದಿನಕ್ಕ ಇಳೀತದಂತ."

"ಯಾವ ಡಾಕ್ಟರ್ ಹಾಕ್ಯಾರ?"

"ಡಾಕ್ಟರ್ ಅಲ್ಲ. ಶಹಾಪುರದಾಗ ಪಾರ್ಲರ್ ದುರ್ಗಾದೇವಿ ಅಕ್ಕ. ಹೈದರಾಬಾದಿನಾಗ ಎರಡು ದಿನದ ಕೋರ್ಸ್ ಮಾಡಿ ಬಂದಾಳ."

ಹಣಮಂತಮ್ಮ ಆ ಬಿಳಿ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಮಕ್ಕಳ ವಾರ್ಡಿನಲ್ಲಿ ನರ್ಸುಗಳು ಕೂಸಿನ ಉಗುರು ಒತ್ತಿ ಕೆಂಪು ಮರಳುವುದನ್ನು ಎಣಿಸುವುದು ಅವಳು ದಿನಾ ನೋಡಿದ್ದೇ. ಎರಡು ಎಣಿಸುವುದರೊಳಗೆ ರಕ್ತ ಬರಬೇಕು. ಅವಳು ಆರರವರೆಗೆ ಎಣಿಸಿದಳು. ಬರಲಿಲ್ಲ.

ಬೈಯಲು ಬಾಯಿಗೆ ಬಂದದ್ದನ್ನು ನುಂಗಿ, ಮಗಳ ಕೈ ಹಿಡಿದು ಬಂದ ದಾರಿಯಲ್ಲೇ ಆಸ್ಪತ್ರೆಗೆ ತಿರುಗಿದಳು. ಪಾಳಿಯಲ್ಲಿದ್ದ ಡಾಕ್ಟರ್ ಒಮ್ಮೆ ನೋಡಿ, ಕಲಬುರಗಿಯ ಚರ್ಮರೋಗ ತಜ್ಞೆಯೊಬ್ಬರಿಗೆ ಫೋಟೋ ಕಳಿಸಿ ಫೋನ್ ಹಚ್ಚಿದರು. ಆಕೆ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಹೊತ್ತಾಯಿತು? ಏನು ಹಾಕಿದ್ದಾರೆ?

ಮೊದಲನೆಯದಕ್ಕೆ ಉತ್ತರವಿತ್ತು. ಹನ್ನೆರಡು ಗಂಟೆಗೆ ಹಾಕಿದ್ದು, ನಾಲ್ಕು ತಾಸಾಗಿತ್ತು. ಎರಡನೆಯದಕ್ಕೆ ಪಂಚಶೀಲಾ ಪಾರ್ಲರಿನ ಬೋರ್ಡಿನ ಫೋಟೋ ತೋರಿಸಿದಳು, ಡಾಕ್ಟರ್ ಅದನ್ನೂ ಕಳಿಸಿದರು. ಮೂರು ಕಾಲಂ, ಮೂರು ಹೆಸರು, ಮೂರು ದರ. ಮೊದಲನೆಯದು ಒಂದು ವರ್ಷ ಬಾಳುತ್ತದೆ, ಎರಡನೆಯದು ಒಂದೂವರೆ ವರ್ಷ, ಮೂರನೆಯದು ಜೀವನಪೂರ್ತಿ.

"ನೀನು ಯಾವುದು ಹಾಕಿಸಿಕೊಂಡೆ?" ಎಂದು ತಜ್ಞೆ ಫೋನಿನಲ್ಲಿ ಕೇಳಿದರು.

"ಮೂರನೇದ್ರಿ" ಎಂದಳು ಪಂಚಶೀಲಾ. "ಪದೇ ಪದೇ ಹೋಗೋದು ಬ್ಯಾಡಂತ."

ಕಲಬುರಗಿಯ ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಚುಚ್ಚಿದ ವಸ್ತು ರಕ್ತನಾಳವನ್ನು ಮುಚ್ಚಿದೆ. ರಕ್ತ ಸಿಗದ ಚರ್ಮ ಸಾಯುತ್ತದೆ. ಮೊದಲ ಬಗೆಯದು ಹೈಯಾಲುರಾನಿಕ್ ಆಮ್ಲದ ಜೆಲ್. ಅದು ನಮ್ಮ ಮೈಯಲ್ಲೇ ಇರುವ ಪದಾರ್ಥ, ಅದನ್ನು ಕರಗಿಸುವ ಔಷಧವಿದೆ. ಎರಡನೆಯದು ಕ್ಯಾಲ್ಸಿಯಂ ಕಣಗಳ ಬಿಳಿ ಲೇಪ. ಅದಕ್ಕೆ ಆ ಔಷಧ ನಾಟುವುದಿಲ್ಲ. ಮೂರನೆಯದು ಸಿಲಿಕೋನ್ ಎಣ್ಣೆ. ಅದು ಕರಗುವುದೇ ಇಲ್ಲ. "ನಾನು ಕರಗಿಸುವ ಔಷಧ ಹೇಗೂ ಕೊಡುತ್ತೇನೆ. ಆದರೆ ಬೋರ್ಡನ್ನು ನಂಬಲಾಗದು, ಹಾಕಿದ್ದು ಯಾವುದು ಎಂದು ಡಬ್ಬಿ ನೋಡಿ ತಿಳಿದರೆ ಮುಂದಿನ ದಾರಿ ತಿಳಿಯುತ್ತದೆ. ತಡ ಮಾಡದೆ ಕಲಬುರಗಿಗೆ ಬನ್ನಿ."

ಬಾಳಿಕೆ ಹೆಚ್ಚಿದಷ್ಟೂ ಒಳ್ಳೆಯದು ಎಂದು ಬೋರ್ಡು ಹೇಳುತ್ತಿತ್ತು, ಪ್ಲಾಸ್ಟಿಕ್ ಕೊಡ ಮಾರುವವರ ಹಾಗೆ. ಎಡವಟ್ಟಾದರೆ ತೆಗೆಯುವುದು ಹೇಗೆ ಎಂಬ ನಾಲ್ಕನೆಯ ಕಾಲಂ ಅದರಲ್ಲಿರಲಿಲ್ಲ.

ಪಕ್ಕದ ಮನೆಯ ಮೆಹಬೂಬನ ಬಾಡಿಗೆ ಜೀಪು, ಕ್ರೂಸರ್, ಸ್ಟ್ಯಾಂಡಿನಲ್ಲೇ ಇತ್ತು. ಅವನು ಹತ್ತಿಸಿಕೊಂಡಿದ್ದ ಮಂದಿಯನ್ನು ಇಳಿಸಿ, "ಕೂಡಕ್ಕ" ಎಂದ. ಕಲಬುರಗಿಯ ದಾರಿ ಶಹಾಪುರದ ಮೇಲೆಯೇ ಹೋಗುತ್ತದೆ. ಗಾಡಿ ಪಾರ್ಲರಿನ ಮುಂದೆ ನಿಂತಾಗ ಹಣಮಂತಮ್ಮ ಮಗಳಿಗೆ ಕೂತಿರಲು ಹೇಳಿ, ಮೆಹಬೂಬನನ್ನು ಕರೆದುಕೊಂಡು ಒಳಗೆ ಹೋದಳು.

ದುರ್ಗಾದೇವಿ ಒಬ್ಬಳ ಹುಬ್ಬು ತೀಡುತ್ತಿದ್ದಳು.

"ನನ್ನ ಮಗಳಿಗಿ ಏನ್ ಹಾಕೀರಿ? ಡಬ್ಬಿ ತೋರಿಸ್ರಿ."

"ಆಂಟಿ, ಬಾವು ಬರೋದು ನಾರ್ಮಲ್. ಐಸ್ ಇಡ್ರಿ."

"ಐಸ್ ಆಮ್ಯಾಲ. ಡಬ್ಬಿ ತೋರ್ಸು."

"ಒಗದೀನಿ. ಕಸದ ಗಾಡಿ ಬಂದು ಹೋತು."

ಆ ಮಾತು ಬೇರೆ ಯಾರಿಗಾದರೂ ಸಾಕಾಗುತ್ತಿತ್ತು. ಹಣಮಂತಮ್ಮ ಮೂಲೆಯ ಬಕೆಟ್ಟನ್ನು ನೆಲಕ್ಕೆ ಸುರಿದಳು. ಕೂದಲು, ಮೇಣದ ಪಟ್ಟಿ, ಚಹಾದ ಕಪ್ಪು. ಅವುಗಳ ನಡುವೆ ಎರಡು ಸೂಜಿ, ಎರಡೂ ಮುಚ್ಚಳವಿಲ್ಲದೆ. ಸಿರಿಂಜ್ ಮಾತ್ರ ಇರಲಿಲ್ಲ.

"ಸೂಜಿ ಎರಡು. ಸಿರಿಂಜ್ ಎಲ್ಲಿ? ಅರ್ಧ ಉಳದದ್ದು ನಮ್ಮ ಕಡಿ ಯಾರೂ ಒಗಿಯಂಗಿಲ್ಲ. ನೀನೂ ಒಗದಿಲ್ಲ" ಎನ್ನುತ್ತ ಅವಳು ಫ್ರಿಜ್ಜಿನ ಬಾಗಿಲು ತೆಗೆದಳು.

ಮೆಹಂದಿ ಕೋನುಗಳ ಪಕ್ಕದಲ್ಲಿ, ತುದಿಗೆ ಪ್ಲಾಸ್ಟಿಕ್ ಕಾಗದ ಸುತ್ತಿ ರಬ್ಬರ್ ಹಾಕಿದ ಸಿರಿಂಜ್ ಇತ್ತು. ತಳದಲ್ಲಿ ಕಾಲು ಭಾಗ ಜೆಲ್.

"ಎರಡನೇ ಸೂಜಿ ಯಾರಿಗಿ ಚುಚ್ಚೀದಿ?"

"ಗೋಗಿ ಊರಿನ ಹುಡುಗಿ ಸೌಭಾಗ್ಯಗ. ಇಬ್ಬರೂ ಸ್ವಲ್ಪ ಸ್ವಲ್ಪ ಸಾಕಂದ್ರು, ಹಂಚಿದೆ. ಸೂಜಿ ಬದಲಿ ಮಾಡೀನಿ ಆಂಟಿ!"

ಸೂಜಿ ಬದಲಾಯಿಸಿದರೆ ಸಾಲದು. ಒಬ್ಬರ ರಕ್ತ ಸಿರಿಂಜಿನೊಳಗೂ ಹಿಂದಕ್ಕೆ ಸರಿದಿರುತ್ತದೆ. ಇದನ್ನು ಹಣಮಂತಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ಇಂಜೆಕ್ಷನ್ ಆದ ಮೇಲೂ ಸೂಜಿ ಕತ್ತರಿಸಿ ಸಿರಿಂಜ್ ಕೆಡಿಸಿದ್ದಾರೆಯೇ ಎಂದು ನೋಡುವುದೇ ಅವಳ ಹತ್ತೊಂಬತ್ತು ವರ್ಷದ ದುಡಿಮೆ.

"ಟಂಟಂ ಗಾಡಿ ಮಾಡೀಯೇನು ಇದನ್ನ, ಇಬ್ಬರು ಮೂವರು ಹತ್ತಾಕ? ಮಂದಿ ಹೆಣ್ಣುಮಕ್ಕಳ ಮಾರಿ ಅಂದ್ರ ನಿನಗೇನು ರೊಟ್ಟಿ ಹಿಟ್ಟೇನು?"

ಮೆಹಬೂಬ ಸಿರಿಂಜಿನ ಮೇಲಿನ ಅಕ್ಷರ ಒಂದೊಂದಾಗಿ ಕೂಡಿಸಿ ಓದಿದ. "ಹೈ... ಹೈಯಾಲುರೊನೇಟ್ ಅಂತ ಅದ ಅಕ್ಕ. ಆಮ್ಯಾಲ ಒಂದು ನಂಬರ್."

"ಮೊದಲನೇದು!" ಹಣಮಂತಮ್ಮ ದುರ್ಗಾದೇವಿಯ ಕಡೆ ತಿರುಗಿದಳು. "ಆಕಿ ಮೂರನೇದು ಕೇಳ್ಯಾಳಲ್ಲ?"

ಹುಬ್ಬು ತೀಡಿಸಿಕೊಳ್ಳುತ್ತಿದ್ದವಳು ಅರ್ಧ ಹುಬ್ಬಿನಲ್ಲೇ ಎದ್ದು ನಿಂತಳು. ದುರ್ಗಾದೇವಿ ತಲೆ ತಗ್ಗಿಸಿ ಒಪ್ಪಿಕೊಂಡಳು. ಮೂರು ದರಕ್ಕೂ ಅವಳ ಬಳಿ ಇದ್ದದ್ದು ಒಂದೇ ಬಗೆಯ ಡಬ್ಬಿ. ಉಳಿದವು ಗಾಜಿನ ಕಪಾಟಿನಲ್ಲಿ ತೋರಿಕೆಗಿಟ್ಟ ಖಾಲಿ ಪೆಟ್ಟಿಗೆಗಳು.

ಜೇವರ್ಗಿ ದಾಟುವಾಗ ಮೆಹಬೂಬ ಮೆಲ್ಲಗೆ, "ಆಕಿ ಮೋಸ ಮಾಡಿದ್ದ ಚಲೋ ಆತ್ ನೋಡಕ್ಕ" ಎಂದ.

"ಹಂಗಾದ್ರ ಹೋಗಿ ಹಾರ ಹಾಕಿ ಬಾ!" ಹಣಮಂತಮ್ಮ ಸಿಡಿದಳು. "ಬಾವ್ಯಾಗ ನೂಕಿದಾಕಿ, ನೀರು ಕಡಿಮಿ ಇತ್ತು ಅಂತ ಕೈ ಮುಗೀಲೇನು?"

ಅವನು ಗಾಡಿಯ ವೇಗ ಹೆಚ್ಚಿಸಿದ.

ಡಾಕ್ಟರಮ್ಮ ಕಾಯುತ್ತಿದ್ದರು. ಬಾಗಿಲಲ್ಲೇ ಪಂಚಶೀಲಾಳನ್ನು ಒಳಗೆ ಕರೆದೊಯ್ದು ಮಲಗಿಸಿದರು. ಅವರು ಬಿಚ್ಚಿದ ಪುಟ್ಟ ಸೀಸೆ ಹಣಮಂತಮ್ಮನಿಗೆ ಗುರುತಿನದೇ. ಕಣ್ಣಿನ ಆಪರೇಷನ್ ಶಿಬಿರ ಮುಗಿದ ಮೇಲೆ ಅಂಥ ನೂರಾರು ಸೀಸೆಗಳನ್ನು ಅವಳು ನೀಲಿ ಪೆಟ್ಟಿಗೆಗೆ ಹಾಕಿದ್ದಳು. ಜೆಲ್ ಕರಗಿಸುವ ಔಷಧ, ಹೈಯಾಲುರೊನಿಡೇಸ್. ಅದು ಇಂಥದ್ದಕ್ಕೂ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬಿಳಿ ಜಾಗದ ಸುತ್ತ ಹಲವು ಕಡೆ ಔಷಧ ಚುಚ್ಚಿ, ಬಿಸಿ ಬಟ್ಟೆ ಇಟ್ಟು ತಿಕ್ಕಿದ ಮೇಲೆ ಡಾಕ್ಟರಮ್ಮ ಫ್ರಿಜ್ಜಿನ ಸಿರಿಂಜ್ ಕೇಳಿ ತೆಗೆದುಕೊಂಡರು. "ಲೇಬಲ್ಲೂ ಸುಳ್ಳು ಹೇಳಬಹುದು." ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಜೆಲ್ ಒತ್ತಿದರು. ಅದು ಹರಡದೆ ಗುಂಡಗೆ, ತಿಳಿಯಾಗಿ ನಿಂತಿತು. ಅದರ ಮೇಲೆ ಔಷಧದ ಹನಿ ಬಿಟ್ಟರು. ತಾಯಿ, ಮಗಳು, ಡಾಕ್ಟರಮ್ಮ ಮೂವರೂ ಬಗ್ಗಿ ನೋಡಿದರು. ಕೆಲವು ನಿಮಿಷಗಳಲ್ಲಿ ಗುಂಡು ಸಡಿಲಾಗಿ, ಪಟ್ಟಿ ಓರೆ ಹಿಡಿದಾಗ ನೀರಿನಂತೆ ಹರಿಯಿತು.

"ಲೇಬಲ್ ಖರೇನೇ ಇದೆ" ಎಂದು ಡಾಕ್ಟರಮ್ಮ ಉಸಿರು ಬಿಟ್ಟರು.

ಒಂದು ತಾಸಿಗೆ ಮತ್ತೊಮ್ಮೆ, ಇನ್ನೊಂದು ತಾಸಿಗೆ ಮಗದೊಮ್ಮೆ ಔಷಧ ಕೊಟ್ಟರು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಹಣಮಂತಮ್ಮ ಒತ್ತಿ ಬಿಟ್ಟಾಗ ನಾಲ್ಕಕ್ಕೆ ಕೆಂಪು ಬಂತು. ಆಮೇಲೆ ಮೂರಕ್ಕೆ. ಆಗಷ್ಟೇ ಅವಳು ಸ್ಟೂಲಿನ ಮೇಲೆ ಕೂತು ನೀರು ಕುಡಿದಳು.

ಮರುದಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದುಕೊಟ್ಟು, ಸಿರಿಂಜನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಸಹಿ ಹಾಕಿದರು. ಮೂಗಿನ ಪಕ್ಕ ಚಿಕ್ಕ ಕಲೆ ಉಳಿದೀತು, ಚರ್ಮ ಉಳಿದಿದೆ ಎಂದರು. ಜೆಲ್ ಕರಗಿದ್ದರಿಂದ ಗಲ್ಲವೂ ಮೊದಲಿನ ಹಾಗೆ ಒಳಗೆ ಹೋಗಿತ್ತು. ಹಿಂದಿರುಗುವಾಗ ಪಂಚಶೀಲಾ ಕನ್ನಡಿ ಕೇಳಲಿಲ್ಲ. ಶಹಾಪುರ ಬಂದಾಗ, "ಮೆಹಬೂಬಣ್ಣ, ಗೋಗಿ ಕಡಿ ತಿರುಗಿಸು" ಎಂದಳು. "ಸೌಭಾಗ್ಯಗ ಹೇಳಬೇಕು."

ಗೋಗಿಯಲ್ಲಿ ಸೌಭಾಗ್ಯಳ ತಾಯಿ ಭೀಮಾಬಾಯಿ ವಿಷಯ ಕೇಳಿ ಅಂಗಳದಲ್ಲೇ ತಡೆದಳು. "ನಮ್ಮ ಹುಡುಗಿಗಿ ಏನೂ ಆಗಿಲ್ಲ. ಗಲ್ಲ ಹೆಂಗ ತುಂಬ್ಯಾವು ನೋಡ್ರಿ. ನಿಮ್ಮಾಕಿಗಿ ಒಗ್ಗಿಲ್ಲ, ಅಷ್ಟ."

ಹಣಮಂತಮ್ಮ ಬಾಯಿ ತೆರೆಯುವುದರೊಳಗೆ ಪಂಚಶೀಲಾ ಮುಂದೆ ಬಂದು, ನೀಲಿಗಟ್ಟಿದ ಕೆನ್ನೆಯನ್ನು ಬಿಸಿಲಿಗೆ ತಿರುಗಿಸಿದಳು.

"ಮಾರಿ ಮಾತು ಬಿಡ್ರಿ. ನನಗ ಚುಚ್ಚಿದ ಸಿರಿಂಜೇ ಆಕಿಗೂ ಚುಚ್ಚ್ಯಾರ. ನನ್ನ ರಕ್ತದಾಗ ಏನದ ಅಂತ ನನಗ ಇನ್ನಾ ಗೊತ್ತಿಲ್ಲ. ಆಕಿನೂ ಪರೀಕ್ಷಾ ಮಾಡಿಸ್ಬೇಕು. ಈಗೊಮ್ಮೆ, ಮೂರು ತಿಂಗಳಿಗೊಮ್ಮೆ."

ಭೀಮಾಬಾಯಿ ಮಗಳ ಕಡೆ ನೋಡಿದಳು. ಸೌಭಾಗ್ಯ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಸೌಭಾಗ್ಯಳ ಪರೀಕ್ಷೆಗೆಂದು ಕ್ರೂಸರ್ ಶಹಾಪುರದ ಆಸ್ಪತ್ರೆಯ ಕಡೆ ಹೊರಟಿತು. ಪಂಚಶೀಲಾ ತೊಡೆಯ ಮೇಲೆ ಪುಸ್ತಕವಿಟ್ಟು ಆರೋಗ್ಯಾಧಿಕಾರಿಗೆ ದೂರು ಬರೆಯತೊಡಗಿದಳು. ಎರಡನೆಯ ಸಾಲಿಗೇ 'ಮೋಸ', 'ಅನ್ಯಾಯ' ಎಂಬ ಮಾತುಗಳು ಬಂದವು.

"ಅವನ್ನ ಹೊಡದು ಹಾಕು" ಎಂದಳು ಹಣಮಂತಮ್ಮ. "ಅನ್ಯಾಯ ಅಂತ ದಿನಾ ನೂರು ಮಂದಿ ಬರೀತಾರ, ಸಾಹೇಬ್ರು ಮಡಚಿ ಇಡ್ತಾರ. ತಾರೀಖು ಹಾಕು. ಹನ್ನೆರಡು ಗಂಟೆ ಅಂತ ಹಾಕು. ಸಿರಿಂಜಿನ ನಂಬರ್ ಬರಿ. ಆಮ್ಯಾಲ ದೊಡ್ಡ ಅಕ್ಷರದಾಗ ಬರಿ: ಒಂದು ಸಿರಿಂಜ್, ಇಬ್ಬರು ಹುಡುಗ್ಯಾರು."